ಕ್ಯೂಬಾದ ಬೇಸ್‌ಬಾಲ್ ಪಿಚರ್ (ಬಾಲ್ ಎಸೆಯುವವನು) ಎಲ್ ಡೂಕೆ ಬಗ್ಗೆ ಗೊತ್ತಿರುವವರು ಇದ್ದೀರಾ? ಮನೆಯಲ್ಲಿ ಜಗಳ ಆಗಿದೆ

ನಾಪೋಕ್ಲು ತೋಟ

ಎಲ್ಲರಿಗೂ ನಮಸ್ಕಾರ. ನಾನು ಹಾಕಿ ನೋಡಿ ಬೆಳೆದವನು. 1997ರಲ್ಲಿ ಕರಡದಲ್ಲಿ ಮೊದಲ ಕೊಡವ ಕೌಟುಂಬಿಕ ಹಾಕಿ ನಡೆದಾಗ ಅಪ್ಪನ ಜೊತೆ ಜೀಪಿನಲ್ಲಿ ಹೋಗಿ ನೋಡಿದ್ದೆ. ಬೇಸ್‌ಬಾಲ್ ಮಾತ್ರ ನನಗೆ ಏನೂ ಗೊತ್ತಿಲ್ಲ.

ಈ ಸಲ ಜುಲೈ ಮಳೆಗೆ ಶಾಲೆಗೆ ರಜೆ ಮೇಲೆ ರಜೆ ಕೊಟ್ಟರು. ಒಂಬತ್ತನೇ ಕ್ಲಾಸಿನ ಮಗ ಫೋನಿನಲ್ಲಿ ಒಂದು ಹಳೆ ವಿಡಿಯೋ ಹಿಡಿದು ಕೂತ. ಬೋಳು ತಲೆಯ ಒಬ್ಬ ಆಟಗಾರ ಎಡಗಾಲನ್ನು ಮಡಚಿ, ಮಂಡಿ ಮುಖಕ್ಕೆ ತಾಗುವಷ್ಟು ಎತ್ತಿ, ಆಮೇಲೆ ಬಾಲ್ ಎಸೆಯುತ್ತಾನೆ. ಕ್ಯೂಬಾದವನು, ಹೆಸರು ಒರ್ಲಾಂಡೊ ಹೆರ್ನಾಂಡೆಸ್, ಎಲ್ಲರೂ ಎಲ್ ಡೂಕೆ ಅಂತಾರಂತೆ. ಈಗ ಮಗನಿಗೆ ಅದೇ ಕೆಲಸ. ಉದುರಿದ ಕಿತ್ತಳೆ ಕಾಯಿ ಹೆಕ್ಕಿಕೊಂಡು, ಕಾಲೆತ್ತಿ, ಅಂಗಳದ ಆಚೆ ಇರುವ ಹಲಸಿನ ಮರಕ್ಕೆ ಹೊಡೆಯುತ್ತಾನೆ. ಎರಡು ಸಲ ಜಾರಿ ಬಿದ್ದ.

ನಮ್ಮ ಅಪ್ಪ ಮಿಲಿಟರಿಯಲ್ಲಿ ಇದ್ದವರು. ಯಾರಪ್ಪ ಇವನು ಅಂತ ಕೇಳಿದರು. ಮಗ ಖುಷಿಯಿಂದ ಪೂರ್ತಿ ಕಥೆ ಹೇಳಿದ. ದೇಶದ ತಂಡದಲ್ಲಿ ಆಡಿ, ದೋಣಿ ಹತ್ತಿ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದವನು ಅಂತ. ಅಪ್ಪನ ಮುಖ ಬಿಗಿಯಾಯಿತು. "ತಂಡ ಬಿಟ್ಟು ಓಡಿದವನ ಹಾಗೆ ಕಾಲೆತ್ತೋದು ಈ ಮನೆ ಅಂಗಳದಲ್ಲಿ ಬೇಡ" ಅಂದರು. ಆ ದಿನದಿಂದ ಅಜ್ಜ ಮೊಮ್ಮಗನಿಗೆ ಮಾತಿಲ್ಲ. ಮಗ ಊಟಕ್ಕೂ ತಡವಾಗಿ ಬರುತ್ತಾನೆ.

ಅಪ್ಪನಿಗೆ ಉತ್ತರ ಕೊಡೋಕೆ ನನಗೆ ವಿಷಯ ಗೊತ್ತಿಲ್ಲ. ಅವನು ನಿಜವಾಗಿ ತೆಪ್ಪದಲ್ಲಿ ಸಮುದ್ರ ದಾಟಿದನಾ? ತಂಡ ಬಿಟ್ಟು ಓಡಿದನಾ? ಅಷ್ಟು ದೊಡ್ಡ ಆಟಗಾರನಾ? ಗೊತ್ತಿರುವವರು ಬಿಡಿಸಿ ಬರೆಯಿರಿ.

ಮಡಿಕೇರಿ ಮಂಜು

ತೆಪ್ಪ ಅಲ್ಲ ಬ್ರೋ, ಮೀನು ಹಿಡಿಯುವ ದೋಣಿ. ತೆಪ್ಪದ ಕಥೆ ಆಮೇಲೆ ಬೆಳೆದದ್ದು. ಅಮೆರಿಕದ ದೊಡ್ಡ ಲೀಗ್‌ನಲ್ಲಿ 90 ಗೆಲುವು, 65 ಸೋಲು. ವರ್ಲ್ಡ್ ಸೀರೀಸ್ (ಆ ಲೀಗ್‌ನ ಫೈನಲ್ ಸರಣಿ) ಗೆದ್ದ ತಂಡದಲ್ಲಿ ನಾಲ್ಕು ಸಲ ಇದ್ದ: ನ್ಯೂಯಾರ್ಕಿನ ಯಾಂಕೀಸ್ ಜೊತೆ 1998, 1999, 2000, ಆಮೇಲೆ 2005ರಲ್ಲಿ ಶಿಕಾಗೋ ವೈಟ್ ಸಾಕ್ಸ್. ಬಾಕಿಯದ್ದು ಗೋಣಿಕೊಪ್ಪ ಅಂಕಲ್ ಹೇಳಲಿ. ಅವರು ಕಣ್ಣಾರೆ ನೋಡಿದವರು.

ಗೋಣಿಕೊಪ್ಪ ಅಂಕಲ್

ಮಂಜು ಕರೆದ, ಬಂದೆ. ತಮ್ಮಾ, ನಿನ್ನ ಪ್ರಶ್ನೆ ಓದಿ ಬೆಳಗ್ಗೆಯಿಂದ ಕಾಳುಮೆಣಸಿನ ಬಳ್ಳಿ ಕಟ್ಟುವ ಕೆಲಸದಲ್ಲಿ ಮನಸ್ಸೇ ಇರಲಿಲ್ಲ. ಮಧ್ಯಾಹ್ನ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ.

1996ರಿಂದ 2003ರವರೆಗೆ ನಾನು ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ ಒಂದು ಇಂಡಿಯನ್ ಹೋಟೆಲಿನ ಅಡುಗೆಮನೆಯಲ್ಲಿ ಇದ್ದೆ. ನನ್ನ ಪಕ್ಕ ಪಾತ್ರೆ ತೊಳೆಯುತ್ತಿದ್ದ ಹುಡುಗ ಡೊಮಿನಿಕನ್. ಅವನೇ ನನಗೆ ಬೇಸ್‌ಬಾಲ್ ಕಲಿಸಿದ್ದು. ಈರುಳ್ಳಿ ಹಿಡಿದು ಬೆರಳು ಎಲ್ಲಿಡಬೇಕು ಅಂತ ತೋರಿಸುತ್ತಿದ್ದ. ಎಲ್ ಡೂಕೆ ಹೆಸರು ಮೊದಲು ಕೇಳಿದ್ದು ಅವನ ಬಾಯಲ್ಲೇ, 1998ರ ಜನವರಿಯಲ್ಲಿ.

ನಿನ್ನ ಅಪ್ಪನ ಮಾತನ್ನು ನಾನು ಹಗುರ ಮಾಡೋದಿಲ್ಲ. ತಂಡ ಬಿಟ್ಟು ಹೋಗೋದು ಸಣ್ಣ ವಿಷಯ ಅಲ್ಲ. ಆದರೆ ಯಾರು ಯಾರನ್ನು ಮೊದಲು ಬಿಟ್ಟರು ಅನ್ನೋದನ್ನು ನೋಡಬೇಕು. ಅದಕ್ಕೆ ದೋಣಿಯ ಕಥೆಗಿಂತ ಹಿಂದಕ್ಕೆ ಹೋಗಬೇಕು.

ಕ್ಯೂಬಾದಲ್ಲಿ 1961ರಲ್ಲಿ ಸರ್ಕಾರ ದುಡ್ಡಿಗೆ ಆಡುವ ಆಟವನ್ನೇ ನಿಲ್ಲಿಸಿತು. ಆಮೇಲೆ ಆಟಗಾರರೆಲ್ಲ ಸರ್ಕಾರಿ ಸಂಬಳದವರು. ಎಲ್ ಡೂಕೆ ಹವಾನಾದ ಇಂಡಸ್ಟ್ರಿಯಾಲೆಸ್ ತಂಡದ ಪಿಚರ್. ಅವನ ಅಪ್ಪನೂ ಪಿಚರ್, ಡೂಕೆ ಅನ್ನೋ ಹೆಸರು ಅಪ್ಪನಿಂದಲೇ ಬಂದದ್ದು. ಅಲ್ಲಿನ ಲೀಗ್‌ನಲ್ಲಿ 126 ಪಂದ್ಯ ಗೆದ್ದ, 47 ಸೋತ. ಆ ಲೀಗ್‌ನ ಚರಿತ್ರೆಯಲ್ಲೇ ಗೆಲುವಿನ ಸರಾಸರಿಯ ದಾಖಲೆ ಅದು. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ.

ಬಾರ್ಸಿಲೋನಾದಿಂದ ಅವನು ವಾಪಸ್ ಬಂದ. ಇದನ್ನು ನಿನ್ನ ಅಪ್ಪನಿಗೆ ಹೇಳು. ಓಡುವ ಮನಸ್ಸಿದ್ದಿದ್ದರೆ ಅಲ್ಲಿಂದಲೇ ಓಡಬಹುದಿತ್ತು. ಅದಕ್ಕೆ ಒಂದು ವರ್ಷ ಮೊದಲೇ, 1991ರ ಜುಲೈಯಲ್ಲಿ, ರೆನೆ ಅರೋಚಾ ಅನ್ನುವ ಪಿಚರ್ ಮಯಾಮಿ ವಿಮಾನ ನಿಲ್ದಾಣದಲ್ಲೇ ತಂಡ ಬಿಟ್ಟು ನಡೆದು ಹೋಗಿದ್ದ. ದಾರಿ ಎಲ್ಲರಿಗೂ ಗೊತ್ತಿತ್ತು. ಎಲ್ ಡೂಕೆ ಆ ದಾರಿ ಹಿಡಿಯಲಿಲ್ಲ.

ಹಿಡಿದವನು ಅವನ ತಮ್ಮ, ಲಿವಾನ್. ಅಪ್ಪ ಒಬ್ಬರೇ, ತಾಯಿ ಬೇರೆ. 1995ರಲ್ಲಿ ಕ್ಯೂಬಾ ತಂಡದ ಜೊತೆ ಮೆಕ್ಸಿಕೋದ ಮಾಂಟೆರಿಗೆ ಹೋದವನು ಅಲ್ಲಿಂದ ಹೊರಟು ಹೋದ. ಅಲ್ಲಿಂದ ಅಣ್ಣನ ಮೇಲೆ ಕಣ್ಣು ಬಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಅವನನ್ನು ಕರೆದುಕೊಂಡು ಹೋಗಲಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ, ಇವನೂ ಹೋಗುವ ಯೋಚನೆಯಲ್ಲಿದ್ದಾನೆ, ಏಜೆಂಟ್ ಜೊತೆ ಸಂಪರ್ಕ ಇದೆ ಅಂತ ಹೇಳಿ, ಕ್ಯೂಬಾದಲ್ಲಿ ಇನ್ನು ಆಡುವಂತಿಲ್ಲ ಅಂದುಬಿಟ್ಟರು. ಇಷ್ಟು ತಿಂಗಳು ಅಂತ ಲೆಕ್ಕ ಇಲ್ಲ. ಪೂರ್ತಿ.

ಆಗ ಅವನಿಗೆ 31. ಹವಾನಾದ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವಂಥ ಕೆಲಸ. ಸಂಬಳ ತಿಂಗಳಿಗೆ ಹತ್ತು ಡಾಲರ್‌ಗಿಂತ ಕಡಿಮೆ.

ಹದಿನಾಲ್ಕು ತಿಂಗಳು ಹೀಗೆ ಇದ್ದ ತಮ್ಮಾ. ಎಲ್ಲರೂ ದೋಣಿ ದೋಣಿ ಅಂತಾರೆ. ದೋಣಿಯ ಕಷ್ಟ ನಾಲ್ಕೈದು ದಿನದ್ದು. ಈ ಹದಿನಾಲ್ಕು ತಿಂಗಳ ಬಗ್ಗೆ ಯಾರೂ ಕೇಳೋದೇ ಇಲ್ಲ. ನಿನಗೆ ಹಾಕಿ ಗೊತ್ತಲ್ವಾ, ಯೋಚನೆ ಮಾಡು. ಮೈಯಲ್ಲಿ ಶಕ್ತಿ ಇದೆ, ಕೈಯಲ್ಲಿ ಆಟ ಇದೆ, ಗ್ರೌಂಡ್ ನಿನ್ನದಲ್ಲ. ಟೀವಿಯಲ್ಲಿ ನಿನ್ನ ಗೆಳೆಯರು ಆಡುತ್ತಿದ್ದಾರೆ. ಪಿಚರ್ ಕೈ ಅಂದರೆ ಒಂದು ಸೀಸನ್ ಸುಮ್ನೆ ಬಿಟ್ಟರೂ ಲಯ ಹೋಗುತ್ತದೆ. ಅವನು ಬಿಡಲಿಲ್ಲ. ತಾನೇ ಓಡಿ, ತಾನೇ ಎಸೆದು ಮೈ ಉಳಿಸಿಕೊಂಡ.

ಅಷ್ಟರಲ್ಲಿ 1997ರ ಅಕ್ಟೋಬರ್ 26ಕ್ಕೆ ತಮ್ಮ ಲಿವಾನ್ ಫ್ಲೋರಿಡಾ ಮಾರ್ಲಿನ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದ. ಸರಣಿಯ ಶ್ರೇಷ್ಠ ಆಟಗಾರನೂ ಅವನೇ, ವಯಸ್ಸು 22. ಸರಿಯಾಗಿ ಎರಡು ತಿಂಗಳಿಗೆ, ಡಿಸೆಂಬರ್ 26ರಂದು, ಅಣ್ಣ ಕ್ಯೂಬಾದ ಉತ್ತರ ಕರಾವಳಿಯ ಕೈಬಾರಿಯೆನ್ ಹತ್ತಿರ ದೋಣಿ ಹತ್ತಿದ. ಒಟ್ಟು ಎಂಟು ಜನ. ಅಂಗ್ವಿಲಾ ಕೇ ಅನ್ನುವ ಜನವಿಲ್ಲದ ದ್ವೀಪದಲ್ಲಿ ಇಳಿದರು. ಕರೆದುಕೊಂಡು ಹೋಗಬೇಕಾದ ಇನ್ನೊಂದು ದೋಣಿ ಬರಲೇ ಇಲ್ಲ. ನಾಲ್ಕು ದಿನ ಅಲ್ಲೇ. ಕೊನೆಗೆ ಅಮೆರಿಕದ ಕೋಸ್ಟ್ ಗಾರ್ಡ್ ಕಣ್ಣಿಗೆ ಬಿದ್ದು, ಬಹಾಮಾಸ್‌ಗೆ ಸೇರಿಸಿದರು.

ಅಮೆರಿಕ ಅವನಿಗೆ ವೀಸಾ ಕೊಡುತ್ತೇನೆ ಅಂತು. ಅವನು ಕೋಸ್ಟರಿಕಾಗೆ ಹೋದ. ಇದರಲ್ಲಿ ದುಡ್ಡಿನ ಲೆಕ್ಕ ಇದೆ, ಮುಚ್ಚಿಡೋದು ಬೇಡ. ನೇರವಾಗಿ ಅಮೆರಿಕದ ನಿವಾಸಿ ಆದರೆ ಡ್ರಾಫ್ಟ್‌ಗೆ ಸೇರಬೇಕು, ಆರಿಸಿದ ಒಂದೇ ತಂಡದ ಜೊತೆ ಮಾತಾಡಬೇಕು. ಬೇರೆ ದೇಶದಲ್ಲಿ ನೆಲೆಸಿದರೆ ಫ್ರೀ ಏಜೆಂಟ್, ಯಾವ ತಂಡವಾದರೂ ಬಂದು ಕೇಳಬಹುದು. ಕಾಫಿಯನ್ನು ಒಬ್ಬನೇ ವ್ಯಾಪಾರಿಗೆ ಕೊಡೋದಕ್ಕೂ, ಹತ್ತು ಜನರ ಹತ್ತಿರ ರೇಟು ಕೇಳಿ ಕೊಡೋದಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತಲ್ವಾ. 1998ರ ಮಾರ್ಚ್‌ನಲ್ಲಿ ಯಾಂಕೀಸ್ ನಾಲ್ಕು ವರ್ಷಕ್ಕೆ 66 ಲಕ್ಷ ಡಾಲರ್ ಕೊಟ್ಟರು.

ಈಗ ನಾನು ನೋಡಿದ್ದು. ಜೂನ್ 3, 1998, ಬುಧವಾರ, ನನ್ನ ವಾರದ ರಜೆ. ಆ ದಿನ ಬೇರೆ ಪಿಚರ್ ಬರಬೇಕಿತ್ತು, ಡೇವಿಡ್ ಕೋನ್. ಅವನ ತಾಯಿಯ ನಾಯಿ ಅವನ ಬೆರಳು ಕಚ್ಚಿತ್ತು! ಆ ನಾಯಿಯಿಂದಾಗಿ ಎಲ್ ಡೂಕೆಗೆ ಮೊದಲ ಪಂದ್ಯ. ಡೊಮಿನಿಕನ್ ಹುಡುಗ ನನ್ನನ್ನು ಏಳು ನಂಬರ್ ಟ್ರೈನ್ ಹತ್ತಿಸಿ, ಆಮೇಲೆ ನಾಲ್ಕು ನಂಬರ್‌ಗೆ ಬದಲಾಯಿಸಿ ಬ್ರಾಂಕ್ಸ್‌ಗೆ ಕರೆದುಕೊಂಡು ಹೋದ. ಎಲ್ಲಕ್ಕಿಂತ ಮೇಲಿನ ಸಾಲು. ಆಟಗಾರರು ಇರುವೆ ಹಾಗೆ ಕಾಣುತ್ತಿದ್ದರು. ಆದರೂ ಆ ಕಾಲು ಎದ್ದಾಗ ಇವನೇ ಅಂತ ಗೊತ್ತಾಯಿತು.

ಬೇಸ್‌ಬಾಲ್ ಅಂದರೆ ಬರೀ ಫುಲ್‌ಟಾಸ್. ಬಾಲ್ ನೆಲಕ್ಕೆ ಬಿದ್ದು ತಿರುಗೋದಿಲ್ಲ, ಗಾಳಿಯಲ್ಲೇ ತಿರುಗಬೇಕು. ಅದೂ 60 ಅಡಿ 6 ಇಂಚು ದೂರದಲ್ಲಿ. ಅವನು ಬೆನ್ನು ಪೂರ್ತಿ ತಿರುಗಿಸಿ, ಮಂಡಿ ಮುಖಕ್ಕೆ ತಂದು, ಬಾಲನ್ನು ಬ್ಯಾಟರ್ ಕಣ್ಣಿಂದ ಮುಚ್ಚಿಡುತ್ತಿದ್ದ. ಎಲ್ಲಿಂದ ಬಂತು ಅಂತ ತಿಳಿಯೋ ಹೊತ್ತಿಗೆ ಬಾಲ್ ಕ್ಯಾಚರ್ (ವಿಕೆಟ್ ಕೀಪರ್ ಹಾಗೆ ಬ್ಯಾಟರ್ ಹಿಂದೆ ಕೂತವನು) ಕೈಯಲ್ಲಿ. ಒಂದು ಜೋರು, ಮುಂದಿನದು ತೇಲಿಕೊಂಡು ನಿಧಾನ. ಟ್ಯಾಂಪಾ ಬೇ ವಿರುದ್ಧ ಒಂಬತ್ತು ಇನಿಂಗ್ಸ್‌ನ ಪಂದ್ಯದಲ್ಲಿ ಏಳು ಇನಿಂಗ್ಸ್ ಎಸೆದು ಒಂದೇ ರನ್ ಕೊಟ್ಟ. ಯಾಂಕೀಸ್ 7-1ರಿಂದ ಗೆದ್ದಿತು. ನಮ್ಮ ಸುತ್ತ ಸ್ಪ್ಯಾನಿಷ್ ಮಾತಾಡುವವರು ಅಳುತ್ತಿದ್ದರು. ನನಗೂ ಗಂಟಲು ಕಟ್ಟಿತು. ಮನೆ ಬಿಟ್ಟು ಎರಡು ವರ್ಷ ಆಗಿತ್ತು.

ಆಗ ಅವನ ವಯಸ್ಸು 28 ಅಂತ ಬರೆಯುತ್ತಿದ್ದರು. ಆಮೇಲೆ ಗೊತ್ತಾಯಿತು, ಹುಟ್ಟಿದ್ದು 1965ರಲ್ಲಿ. ಅಂದರೆ 32. ಹೊಸಬ ಅಂತ ಬಂದು 12 ಗೆದ್ದು 4 ಸೋತ.

ಅಕ್ಟೋಬರ್‌ನಲ್ಲಿ ಇನ್ನೊಂದು ಇದೆ. ಆ ವರ್ಷ ಯಾಂಕೀಸ್ 162ರಲ್ಲಿ 114 ಪಂದ್ಯ ಗೆದ್ದಿದ್ದರು. ಆದರೂ ಕ್ಲೀವ್‌ಲ್ಯಾಂಡ್ ವಿರುದ್ಧ ಸರಣಿಯಲ್ಲಿ 2-1ರಿಂದ ಹಿಂದೆ. ನಾಲ್ಕನೇ ಪಂದ್ಯವೂ ಸೋತರೆ ಇಡೀ ವರ್ಷದ ಶ್ರಮ ನೀರುಪಾಲಾಗುವ ಹಾಗಿತ್ತು. ಬಾಲ್ ಯಾರ ಕೈಗೆ? ಎರಡು ವಾರದಿಂದ ಪಂದ್ಯದಲ್ಲಿ ಒಂದು ಬಾಲೂ ಎಸೆಯದೆ ಕೂತಿದ್ದ ಎಲ್ ಡೂಕೆಗೆ. ಮೊದಲ ಇನಿಂಗ್ಸ್‌ನಲ್ಲೇ ಇಬ್ಬರು ಬೇಸ್ (ರನ್‌ಗೆ ಓಡುವಾಗ ದಾಟಬೇಕಾದ ಜಾಗ) ಮೇಲೆ ಇದ್ದಾಗ ಕ್ಲೀವ್‌ಲ್ಯಾಂಡ್‌ನ ಜಿಮ್ ಥೋಮ್ ಹೊಡೆದ ಬಾಲ್ ಗೋಡೆಯವರೆಗೆ ಹೋಯಿತು. ಪಾಲ್ ಓ'ನೀಲ್ ಗೋಡೆಗೆ ಒತ್ತಿಕೊಂಡು ಹಿಡಿದ. ಆಮೇಲೆ ಏಳು ಇನಿಂಗ್ಸ್‌ನಲ್ಲಿ ಒಂದೂ ರನ್ ಇಲ್ಲ. ಅಡುಗೆಮನೆ ರೇಡಿಯೋದಲ್ಲಿ ಕೇಳುತ್ತಾ ನಾನು ದಾಲ್ ತಳ ಹಿಡಿಸಿಬಿಟ್ಟೆ. ಹದಿನಾಲ್ಕು ತಿಂಗಳು ಕಾದವನಿಗೆ ಎರಡು ವಾರ ಯಾವ ಲೆಕ್ಕ ಅಂತ ನನಗೆ ಅನ್ನಿಸಿತ್ತು.

ಕೈ ನೋಯುತ್ತಿದೆ, ಇವತ್ತಿಗೆ ಇಷ್ಟು.

ನಾಪೋಕ್ಲು ತೋಟ

ಅಂಕಲ್, ತುಂಬಾ ಥ್ಯಾಂಕ್ಸ್. ಮಗ ಎರಡು ಸಲ ಓದಿದ. ಬಾರ್ಸಿಲೋನಾದಿಂದ ವಾಪಸ್ ಬಂದಿದ್ದ ಅನ್ನೋದು ಅವನಿಗೂ ಗೊತ್ತಿರಲಿಲ್ಲ. ಇನ್ನೂ ಇದ್ದರೆ ಬರೆಯಿರಿ. ಗ್ಲೌಸನ್ನೇ ಎಸೆದನಂತೆ, ಅದು ನಿಜವಾ ಅಂತ ಕೇಳು ಅಂತಿದ್ದಾನೆ.

ಗೋಣಿಕೊಪ್ಪ ಅಂಕಲ್

ನಿಜ! 1999ರ ಜೂನ್ 5, ನ್ಯೂಯಾರ್ಕಿನದೇ ಇನ್ನೊಂದು ತಂಡ ಮೆಟ್ಸ್ ವಿರುದ್ಧ. ಬಾಲ್ ಅವನ ಕಡೆಗೇ ಬಂತು, ಹಿಡಿದ, ಆದರೆ ಗ್ಲೌಸಿನ ಬೆರಳುಗಳ ನಡುವೆ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ. ಗ್ಲೌಸ್ ಸಮೇತ ಫಸ್ಟ್ ಬೇಸ್‌ನ ಟೀನೋ ಮಾರ್ಟಿನೆಜ್‌ಗೆ ಎಸೆದ. ಟೀನೋ ಅದನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದ. ಔಟ್. ಓಡಿ ಬರುತ್ತಿದ್ದವನು ರೇ ಓರ್ಡೋನೆಸ್. ಅವನೂ 1993ರಲ್ಲಿ ಬಫಲೋದಲ್ಲಿ ಕ್ಯೂಬಾ ತಂಡ ಬಿಟ್ಟು ಬಂದವನೇ. ಆ ವರ್ಷ ಎಲ್ ಡೂಕೆ 17 ಪಂದ್ಯ ಗೆದ್ದ.

2005ರ ಹೊತ್ತಿಗೆ ನಾನು ಊರಿಗೆ ಬಂದಾಗಿತ್ತು. ಇಲ್ಲಿ ದಸರಾ ತಯಾರಿ ನಡೆಯುತ್ತಿತ್ತು. ಬೆಳಗ್ಗೆ ಬ್ರೌಸಿಂಗ್ ಸೆಂಟರ್‌ಗೆ ಹೋಗಿ ಒಂದೊಂದೇ ಬಾಲ್ ಲೆಕ್ಕ ಓದಿದೆ. ಬಾಸ್ಟನ್‌ನಲ್ಲಿ ಆರನೇ ಇನಿಂಗ್ಸ್, ವೈಟ್ ಸಾಕ್ಸ್ ಒಂದೇ ರನ್ ಮುಂದೆ. ಮೂರೂ ಬೇಸ್ ತುಂಬಿದೆ, ಒಬ್ಬನೂ ಔಟ್ ಆಗಿಲ್ಲ. ಅಲ್ಲಿಗೆ ಇವನನ್ನು ಇಳಿಸಿದರು. ನಾಲ್ಕು ದಿನ ಕಳೆದರೆ 40 ತುಂಬುತ್ತದೆ. ಇಬ್ಬರನ್ನು ಬಾಲ್ ಮೇಲಕ್ಕೆ ಹೊಡೆಸಿ ಕ್ಯಾಚ್‌ನಲ್ಲಿ ತೆಗೆದ, ಮೂರನೆಯವನು ಜಾನಿ ಡೇಮನ್ ಸ್ಟ್ರೈಕ್ ಔಟ್, ಅಂದರೆ ಬಾಲ್ ಹೊಡೆಯಲಾಗದೆ ಔಟ್. ಒಂದೂ ರನ್ ಬರಲಿಲ್ಲ. ಆ ತಂಡ 1917ರಿಂದ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ, ಆ ತಿಂಗಳು ಗೆದ್ದಿತು. ನಮ್ಮ ರೋಹನ್ ಬೋಪಣ್ಣ 43ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನನಗೆ ನೆನಪಾದದ್ದು ಆ ಬೆಳಗ್ಗೆಯೇ.

ಹಾಕಿ ಟೀಚರ್, ಪೊನ್ನಂಪೇಟೆ ಕಡೆ

ಅಂಕಲ್, ಹದಿನಾಲ್ಕು ತಿಂಗಳ ಬಗ್ಗೆ ನೀವು ಬರೆದದ್ದು ಓದಿ ಸುಮ್ನೆ ಇರೋಕೆ ಆಗಲಿಲ್ಲ.

ನಾನೂ ನನ್ನ ಅಣ್ಣನೂ ಒಂದೇ ತರಬೇತಿ ಕೇಂದ್ರದಲ್ಲಿ ಇದ್ದೆವು. ಯಾವುದು ಅಂತ ಹೇಳೋದಿಲ್ಲ. ಅಣ್ಣನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಮಧ್ಯದಲ್ಲೇ ಬಿಟ್ಟು ಹೋದ. ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಕಾರಣ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಒಬ್ಬರು ಮಾತ್ರ "ನಿಮ್ಮ ಮನೆಯವರನ್ನು ನಂಬೋದು ಹೇಗೆ" ಅಂದರು. ನನಗೆ ಹದಿನೇಳು. ಎರಡು ವರ್ಷ ಕಾಫಿ ಗೋಡೌನ್ ಗೋಡೆಗೆ ಬಾಲ್ ಹೊಡೆದೆ. ದಿನಾ ಸಂಜೆ ಮುನ್ನೂರು. ಮಳೆಗಾಲದಲ್ಲಿ ಗೋಡೌನ್ ಒಳಗೆ, ಗೋಣಿಚೀಲಗಳ ನಡುವೆ. ಆಮೇಲೆ ಕಾಲೇಜು ತಂಡದಲ್ಲಿ ಜಾಗ ಸಿಕ್ಕಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಅಣ್ಣನ ಮೇಲೆ ನನಗೆ ಆಗಲೂ ಕೋಪ ಬರಲಿಲ್ಲ. ಎಲ್ ಡೂಕೆಗೂ ತಮ್ಮನ ಮೇಲೆ ಕೋಪ ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಆದರೆ ಒಂದು ಮಾತು. ಕ್ಯೂಬಾ ಅವನಿಗೆ ಬಿಟ್ಟಿ ತರಬೇತಿ ಕೊಟ್ಟಿತು, ಕೋಚ್ ಕೊಟ್ಟಿತು, ಗ್ರೌಂಡ್ ಕೊಟ್ಟಿತು. ಸಣ್ಣ ದೇಶ ಅಷ್ಟು ಮಾಡಿದ್ದು ದೊಡ್ಡದು. ಆಟಗಾರರು ಹೀಗೆ ಹೋಗುತ್ತಾ ಇದ್ದರೆ ಊರಿನ ಮಕ್ಕಳು ಯಾರ ಆಟ ನೋಡಿ ಕಲಿಯಬೇಕು? ಆ ನೋವನ್ನೂ ನಾನು ಒಪ್ಪುತ್ತೇನೆ. ತಾತನ ಮಾತಿನಲ್ಲಿ ಅದೇ ಇದೆ.

ನಾಪೋಕ್ಲು ಅಣ್ಣ, ಮಗನಿಗೆ ಒಂದು ಹೇಳಿ. ಬೆಳೆಯುವ ವಯಸ್ಸಿನ ಭುಜ ಅದು. ದಿನಾ ಎಸೆಯೋದು ಬೇಡ, ಮಧ್ಯೆ ಬಿಡುವು ಕೊಡಲಿ. ಮೊಣಕೈ ಒಳಗಡೆ ನೋವು ಬಂದರೆ ಆ ಕ್ಷಣ ನಿಲ್ಲಿಸಲಿ. ಒದ್ದೆ ಅಂಗಳದಲ್ಲಿ ಒಂಟಿಕಾಲಲ್ಲಿ ನಿಲ್ಲೋದು ಖಂಡಿತ ಬೇಡ.

ಗೋಣಿಕೊಪ್ಪ ಅಂಕಲ್

ಟೀಚರ್, ನೀವು ಬರೆದದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಗೋಣಿಚೀಲದ ನಡುವೆ ದಿನಾ ಮುನ್ನೂರು ಬಾಲ್! ನಿಮ್ಮ ಹತ್ತಿರ ಕಲಿಯುವ ಮಕ್ಕಳು ಪುಣ್ಯವಂತರು.

ಕ್ಯೂಬಾ ಬಗ್ಗೆ ನೀವು ಹೇಳಿದ್ದು ಸರಿ. ಕಾನೂನಿನ ದಾರಿ ತೆರೆಯೋಕೆ 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಲೀಗ್ ಮತ್ತು ಕ್ಯೂಬಾ ಬೇಸ್‌ಬಾಲ್ ಫೆಡರೇಷನ್ ಒಪ್ಪಂದ ಮಾಡಿಕೊಂಡವು. ಆಟಗಾರ ಹೋಗಬಹುದು, ಫೆಡರೇಷನ್‌ಗೂ ದುಡ್ಡು ಬರುತ್ತದೆ. ದೋಣಿ ಬೇಕಾಗುತ್ತಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರವೇ ಅದನ್ನು ರದ್ದು ಮಾಡಿತು. ಆ ಸುದ್ದಿ ಓದಿದ ದಿನ ನನಗೆ ಬಹಳ ಬೇಜಾರಾಗಿತ್ತು.

ನಾಪೋಕ್ಲು ತೋಟ

ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ. ಲ್ಯಾಂಪ್ ಹಚ್ಚಿಕೊಂಡು ಅಪ್ಪನಿಗೆ ಎಲ್ಲವನ್ನೂ ಮೊದಲಿನಿಂದ ಓದಿ ಹೇಳಿದೆ. ಮಗ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. ಅಪ್ಪ ಎಲ್ಲೂ ಮಧ್ಯೆ ಬಾಯಿ ಹಾಕಲಿಲ್ಲ. ಆಡುವಂತಿಲ್ಲ ಅಂದ ಜಾಗಕ್ಕೆ ಬಂದಾಗ, ಇನ್ನೊಂದು ಸಲ ಓದು ಅಂದರು. ಟೀಚರ್ ಬರೆದದ್ದನ್ನೂ ಎರಡು ಸಲ ಓದಿಸಿದರು.

ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಅವನಿಗೆ ಮಕ್ಕಳು ಇದ್ದರಾ? ಅವರ ಗತಿ ಏನಾಯಿತು?" ಅಪ್ಪ ಗಡಿಯಲ್ಲಿ ಇದ್ದಾಗ ನಾನು ಮೂರು ವರ್ಷ ಅವರನ್ನು ಸರಿಯಾಗಿ ನೋಡೇ ಇರಲಿಲ್ಲ. ಅಂಕಲ್, ನಿಮಗೆ ಗೊತ್ತಾ?

ಗೋಣಿಕೊಪ್ಪ ಅಂಕಲ್

ಗೊತ್ತು ತಮ್ಮಾ. ನಿನ್ನ ಅಪ್ಪ ಕೇಳಬೇಕಾದ್ದನ್ನೇ ಕೇಳಿದ್ದಾರೆ.

ಇಬ್ಬರು ಹೆಣ್ಣು ಮಕ್ಕಳು, ಮೊದಲ ಮದುವೆಯವರು. ದೋಣಿ ಹತ್ತಿದಾಗ ಅವರನ್ನೂ ತನ್ನ ತಾಯಿಯನ್ನೂ ಕ್ಯೂಬಾದಲ್ಲೇ ಬಿಟ್ಟು ಬಂದಿದ್ದ. ಹತ್ತು ತಿಂಗಳು ನೋಡಿರಲಿಲ್ಲ. 1998ರ ಅಕ್ಟೋಬರ್‌ನಲ್ಲಿ ಯಾಂಕೀಸ್ ವರ್ಲ್ಡ್ ಸೀರೀಸ್‌ನಲ್ಲಿ ಸ್ಯಾನ್ ಡಿಯಾಗೋ ವಿರುದ್ಧ ನಾಲ್ಕಕ್ಕೆ ನಾಲ್ಕೂ ಗೆದ್ದರು, ಅದರಲ್ಲಿ ಎರಡನೆಯದು ಇವನದು. ನ್ಯೂಯಾರ್ಕಿನ ಆರ್ಚ್‌ಬಿಷಪ್ ಕಾರ್ಡಿನಲ್ ಜಾನ್ ಓ'ಕಾನರ್ ಮಧ್ಯೆ ಬಂದು ಫಿಡೆಲ್ ಕ್ಯಾಸ್ಟ್ರೋಗೆ ಹೇಳಿ ಕಳಿಸಿದರು. ಕ್ಯಾಸ್ಟ್ರೋ ಒಪ್ಪಿದರು. ಅದನ್ನೂ ನಿನ್ನ ಅಪ್ಪನಿಗೆ ಹೇಳು, ಒಪ್ಪಿದ್ದು ಅದೇ ಸರ್ಕಾರ. ಅವನ ತಾಯಿ ಮತ್ತು ಇಬ್ಬರು ಮಕ್ಕಳು ವಿಮಾನದಲ್ಲಿ ಬಂದರು. ಇಳಿದದ್ದು ವಿಜಯದ ಮೆರವಣಿಗೆಗೆ ಕೆಲವೇ ಗಂಟೆ ಮೊದಲು.

ಮೆರವಣಿಗೆ ಅಕ್ಟೋಬರ್ 23, ಶುಕ್ರವಾರ. ಹೋಟೆಲಿನಲ್ಲಿ ರಜೆ ಸಿಗಲಿಲ್ಲ, ನಾನು ಹೋಗಲಿಲ್ಲ. ಅಡುಗೆಮನೆಯ ಸಣ್ಣ ಟೀವಿಯಲ್ಲಿ ಸುದ್ದಿ ಬಂತು. ಡೊಮಿನಿಕನ್ ಹುಡುಗ ನಲ್ಲಿ ನಿಲ್ಲಿಸಿದ. ನಾನು ಒಲೆ ಸಣ್ಣ ಮಾಡಿದೆ. ಅವನು ಮಕ್ಕಳನ್ನು ಅಪ್ಪಿಕೊಂಡದ್ದನ್ನು ತೋರಿಸಿದರು. ಆ ದಿನ ಕೆಲಸ ಮುಗಿದ ಮೇಲೆ ಫೋನ್ ಕಾರ್ಡ್ ತೆಗೆದುಕೊಂಡು ಊರಿಗೆ ಮಾಡಿದೆ. ಇಲ್ಲಿ ಬೆಳಗ್ಗೆ. ನನ್ನ ಮಗಳು ಶಾಲೆಗೆ ಹೊರಡುತ್ತಿದ್ದಳು.

ಮಗನಿಗೆ ಹೇಳು, ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಗೋಣಿಕೊಪ್ಪಕ್ಕೆ ಬರಲಿ. ಅಜ್ಜನೂ ಬರಲಿ. ನನ್ನ ಹತ್ತಿರ ಒಂದು ಬೇಸ್‌ಬಾಲ್ ಇದೆ, ಡೊಮಿನಿಕನ್ ಹುಡುಗ ಹೊರಡುವಾಗ ಕೊಟ್ಟದ್ದು. ಕೆಂಪು ದಾರದ 108 ಜೋಡಿ ಹೊಲಿಗೆ. ಆ ಹೊಲಿಗೆ ಮೇಲೆ ಬೆರಳು ಎಲ್ಲಿಡಬೇಕು ಅಂತ ನಾನು ತೋರಿಸುತ್ತೇನೆ. ಟೀಚರ್, ಭುಜದ ವಿಷಯ ನೋಡಿಕೊಳ್ಳೋಕೆ ನೀವೂ ಬನ್ನಿ.